ಬಚ್ಚಲಮನೆಯ ದೀಪ

ಚಿ. ಮಾಣಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಮನೆ ವಿಷಯವೆಲ್ಲ ಫೋನಿನಲ್ಲಿ ಆಡಿದ್ದೇ, ಬಿಡು. ಕೊನೆಯಲ್ಲಿ ಒಂದು ಸಾಲು ಗೀಚಿದ್ದೀಯಲ್ಲ, ‘ಬಚ್ಚಲಮನೆ ಮಾಳಿಗೆಯ ಹಳೇ ಹೋಲ್ಡರ್ ಬಿಚ್ಚೋವಾಗ ಸ್ವಿಚ್ ಆಫ್ ಇದ್ರೂ ಬೆರಳಿಗೆ ಜುಮ್ ಅಂತು, ನಗು ಬಂತು’ ಅಂತ. ಎರಡು ರಾತ್ರಿಯಿಂದ ನನಗೆ ನಿದ್ದೆ ಸರಿಯಿಲ್ಲ. ನಗುವಂಥದ್ದಲ್ಲವೋ ಅದು.

ಆ ವೈರಿಂಗ್ ಮಾಡಿಸಿದವನು ನಾನೇ. ಕರೆಂಟಿಗೆಂದು ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲೇ ಮುಗಿದಿದ್ದರೂ ನಮ್ಮ ಕೇರಿಗೆ ಕರೆಂಟು ಕಂಬ ಬಂದಿದ್ದು 1976ರಲ್ಲಿ. ಸಾಗರದಿಂದ ಬಂದ ವೈರ್‌ಮನ್ ಮರದ ಪಟ್ಟಿ ಹೊಡೆದು ಎಳೆಯುತ್ತ ಬಂದ. ಬಚ್ಚಲಿಗೆ ಬರುವಷ್ಟರಲ್ಲಿ ವೈರು ಸಾಲಲಿಲ್ಲ. ಮತ್ತೆ ಪೇಟೆಗೆ ಹೋಗುವ ಸೋಮಾರಿತನಕ್ಕೆ ‘ಹೇಗೋ ಹೊತ್ತಿದರೆ ಸಾಕು ಮಾರಾಯ’ ಅಂದುಬಿಟ್ಟೆ. ಕರೆಂಟು ಬರುವ ಫೇಸ್ ತಂತಿಯನ್ನು ನೇರ ಹೋಲ್ಡರಿಗೆ ಕೊಟ್ಟು, ಸ್ವಿಚ್ಚನ್ನು ವಾಪಸು ಹೋಗುವ ನ್ಯೂಟ್ರಲ್ ತಂತಿಯ ಮೇಲೆ ಕೂರಿಸಿ ಹೋದ. ಹಾಗಾದರೆ ದೀಪ ಆರುತ್ತದೆ, 230 ವೋಲ್ಟು ಮಾತ್ರ ತಲೆ ಮೇಲೆ ಹಾಗೇ ಕೂತಿರುತ್ತದೆ. ನಿನ್ನ ಬೆರಳಿಗೆ ತಾಗಿದ್ದು ಅದೇ ಇರಬೇಕು.

‘ಬಚ್ಚಲ ಗೋಡೆ ಚಿವುಟತ್ತೆ ಕಣೋ’ ಅಂತ ನಿನ್ನ ಅಜ್ಜಿ ಒಂದು ಮಳೆಗಾಲ ಹೇಳಿದ್ದಳು. ನಾನೂ ನಕ್ಕಿದ್ದೆ, ನಿನ್ನ ಹಾಗೇ. ಆಮೇಲೆ ಅವಳು ಹೇಳಲಿಲ್ಲ. ಬಾಗಿಲ ಸಂದಿಯಲ್ಲಿ ಗೇಣುದ್ದದ ಒಣ ಅಡಕೆ ದಬ್ಬೆ ಸಿಕ್ಕಿಸಿಟ್ಟುಕೊಂಡು, ಸ್ವಿಚ್ಚನ್ನು ಅದರಲ್ಲೇ ಒತ್ತುತ್ತಿದ್ದಳು. ಹಂಡೆಯ ಹೊಗೆಗೆ ದಬ್ಬೆ ಕಪ್ಪಾಗಿತ್ತು, ತುದಿ ಮಾತ್ರ ನುಣ್ಣಗೆ. ನಾವೆಲ್ಲ ಮಡಿ ಅಂದುಕೊಂಡಿದ್ದೆವು. ಹೆದರಿಕೆ ಅಂತ ಗೊತ್ತಾಗಿದ್ದು ಅವಳು ಹೋದ ಮೇಲೆ, ನಿನ್ನ ದೊಡ್ಡಮ್ಮ ಹೇಳಿ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೇನಿದೆ? ಆದರೂ ಕೇಳು. ಸ್ವಿಚ್ ನಂಬಬೇಡ, ಮೇನ್ ತೆಗಿ. ಕರೆಂಟು ಹೋದಾಗ ಹಾಕ್ತೀನಿ ಅಂತಲೂ ಹೊರಡಬೇಡ. ನಿಮ್ಮಲ್ಲೀಗ ಯುಪಿಎಸ್ ಇದೆ, ಕರೆಂಟು ಹೋದರೂ ಮೇನ್ ತೆಗೆದರೂ ದೀಪದ ಲೈನಿಗೆ ಅದು ಬ್ಯಾಟರಿಯಿಂದ ಕರೆಂಟು ಕೊಡುತ್ತಲೇ ಇರುತ್ತದೆ, ಅದನ್ನೂ ಆಫ್ ಮಾಡು. ಟೆಸ್ಟರನ್ನು ಮೊದಲು ಕರೆಂಟಿರುವ ಪ್ಲಗ್ಗಿಗೆ ಇಟ್ಟು ನೋಡಿಕೊಂಡು ಆಮೇಲೆ ಹೋಲ್ಡರಿಗೆ ಇಡಬೇಕು. ಅಯ್ಯೋ, ನೀನು ಇಡುವುದೇ ಬೇಡ ಮಾರಾಯ, ಒಬ್ಬ ಒಳ್ಳೆಯ ವೈರ್‌ಮನ್‌ನ ಕರೆಸು. ಆ ಹಳೇ ವೈರಿನ ರಬ್ಬರು ಬಗ್ಗಿಸಿದರೆ ಹಪ್ಪಳದ ಹಾಗೆ ಉದುರುತ್ತದೆ. ಹೊಸ ವೈರು ಎಳೆಯಲಿ, ಅರ್ತ್ ಸೇರಿಸಿ. ಲೋಡು ಹೆಚ್ಚಾದರೆ ಬೀಳುವ ಎಂಸಿಬಿ ಸ್ವಿಚ್ ಇದೆಯಲ್ಲ ಅನ್ನಬೇಡ, ಅದು ವೈರು ಕಾಯುತ್ತದೆ, ಮನುಷ್ಯರನ್ನಲ್ಲ. ಕರೆಂಟು ಸೋರಿದರೆ ತಟ್ಟನೆ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ದೀಪ ಹಬೆಗೆ ತಡೆಯುವ, ಮುಚ್ಚಿದ ನಮೂನೆಯದಿರಲಿ. ಅದರ ಚಂದ ನೀನೇ ನೋಡಿಕೋ.

ದುಡ್ಡು ನಾನು ಕಳಿಸುತ್ತೇನೆ. ಬೇಡ ಅನ್ನಬೇಡ.

ಅಲ್ಲಿವರೆಗೆ ಮೇನೂ ಯುಪಿಎಸ್ಸೂ ಆಫ್ ಮಾಡಿಯೇ ಮಕ್ಕಳಿಗೆ ಹಗಲಲ್ಲೇ ಸ್ನಾನ ಮಾಡಿಸಿ. ಗೋಡೆ ಚಿವುಟುತ್ತದಾ ಅಂತ ಮಕ್ಕಳನ್ನೊಮ್ಮೆ ಕೇಳು. ಕೇಳಿ ನನಗೆ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ, ಎದ್ದೇ ಇರುತ್ತೇನೆ.

ಇತಿ,
ದೊಡ್ಡಪ್ಪ