ಆ ಒಂದು ದಿನ ತಡೆದವರಿಗೆ

ನಿನ್ನೆ ಬಂದ ರಿಪೋರ್ಟಿನಲ್ಲಿ 24 ಗಂಟೆಯ ಮೂತ್ರದ ಪ್ರೋಟೀನ್ 0.4 ಗ್ರಾಂ. ಎರಡು ವರ್ಷದ ಹಿಂದೆ 4.6 ಇತ್ತು. ಕಿಡ್ನಿಯ ಜರಡಿ ಕೆಟ್ಟರೆ ಪ್ರೋಟೀನ್ ಹೀಗೆ ಮೂತ್ರಕ್ಕೆ ಸೋರುತ್ತದೆ; ಕಡಿಮೆಯಾದಷ್ಟೂ ಒಳ್ಳೆಯದು. ಮೂರು ಸಲ ಓದಿಕೊಂಡೆ, ಅಕ್ಕನಿಗೆ ಫೋನ್ ಹಚ್ಚಿದೆ, ಮಾತು ಹೊರಡಲಿಲ್ಲ, ಅತ್ತುಬಿಟ್ಟೆ.

ಲೂಪಸ್, ಅಂದರೆ ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಮೈಮೇಲೆ ಎರಗುವ ಕಾಯಿಲೆ, ನನಗೆ ಇರುವುದು ಮೊದಲೇ ಗೊತ್ತಿತ್ತು. ಮೂತ್ರದ ನೊರೆ ಆರದೆ ನಿಲ್ಲತೊಡಗಿ, ಕಾಲನ್ನು ಒತ್ತಿದರೆ ಗುಳಿ ಬೀಳುವಂತಾದಾಗ, ಕಿಡ್ನಿಗೂ ಇಳಿಯಿತು ಅಂದುಕೊಂಡೆವು. ಈಗಲೇ ಸ್ಟಿರಾಯ್ಡ್ ಕೊಡಿ ಎಂದು ನಾನೇ ಗೋಗರೆದೆ. ಕಿಡ್ನಿ ಡಾಕ್ಟರ್ ಒಪ್ಪಲಿಲ್ಲ. "ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಬರಲಿ. ಒಂದು ದಿನ ತಡೀರಿ." ಅಂದು ತುಂಬಾ ಸಿಟ್ಟು ಬಂದಿತ್ತು. ಡಾಕ್ಟರೇ, ಆ ಒಂದು ದಿನಕ್ಕೆ ನಾನು ಜೀವನಪೂರ್ತಿ ಋಣಿ. ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗಲುವ ವೈರಸ್, ಪಾಸಿಟಿವ್ ಬಂತು. ಯಾವ ಕಾಲದಿಂದಲೋ ಲಿವರಿನಲ್ಲಿ ಸದ್ದಿಲ್ಲದೆ ಕೂತಿತ್ತು.

ಲೂಪಸ್ಸಿನಲ್ಲಿ, ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ಪ್ರತಿಕಾಯಗಳು (ಆ್ಯಂಟಿಬಾಡಿ) ಗಂಟುಕಟ್ಟಿಕೊಂಡು ಕಿಡ್ನಿಯ ಜರಡಿಯಲ್ಲಿ ಸಿಕ್ಕಿಬೀಳುತ್ತವೆ. ಈ ವೈರಸ್ಸಿನ ತುಣುಕುಗಳೂ ಪ್ರತಿಕಾಯಗಳ ಜೊತೆ ಸೇರಿ ಅಲ್ಲೇ ಬಂದು ಕೂರಬಲ್ಲವು. ಹೊರಗೆ ಕಾಣುವುದು ಎರಡರಲ್ಲೂ ಅದೇ ಪ್ರೋಟೀನ್ ಸೋರಿಕೆ, ಅದೇ ಊತ. ಔಷಧಿ ಮಾತ್ರ ಬೇರೆ ಬೇರೆ, ಒಂದರ ಔಷಧಿ ಇನ್ನೊಂದನ್ನು ಕೆರಳಿಸಬಹುದು: ಲೂಪಸ್ಸಿಗೆಂದು ಸ್ಟಿರಾಯ್ಡಿನಂಥ ಔಷಧಿಯಿಂದ ರೋಗನಿರೋಧಕ ಶಕ್ತಿ ತಗ್ಗಿಸಿದರೆ ಮಲಗಿದ್ದ ವೈರಸ್ ಎದ್ದು ಲಿವರನ್ನೇ ಕೆಡಿಸಬಹುದು. ನನ್ನ ಬಯಾಪ್ಸಿಯನ್ನು, ಅಂದರೆ ಕಿಡ್ನಿಯಿಂದ ತೆಗೆದ ಚೂರನ್ನು, ಕೂಲಂಕಷವಾಗಿ ನೋಡಿ, ಇದು ಮುಖ್ಯವಾಗಿ ಲೂಪಸ್ಸಿನದೇ ಎಂದು ಬರೆದುಕೊಟ್ಟ ಪ್ಯಾಥಾಲಜಿಸ್ಟರೇ, ನಿಮ್ಮ ಮುಖ ನಾನು ನೋಡಿಲ್ಲ. ನಮಸ್ಕಾರ.

ಮೊದಲು ವೈರಸ್ಸನ್ನು ಅದುಮಿಡುವ ಎಂಟೆಕಾವಿರ್ ಮಾತ್ರೆ, ಅದರ ಹಿಂದೆ ಲೂಪಸ್ಸಿಗೆ ಸ್ಟಿರಾಯ್ಡ್, ಮೈಕೋಫಿನೊಲೇಟ್. ಹೆಪಟೈಟಿಸ್ಸಿನ ಕೆಲವು ಮಾತ್ರೆಗಳು ಕಿಡ್ನಿಗೇ ಭಾರ ಎಂದು ಲಿವರ್ ಡಾಕ್ಟರ್ ಎಂಟೆಕಾವಿರನ್ನೇ ಆರಿಸಿದರು. ಕಿಡ್ನಿ ಡಾಕ್ಟರ್, ಲಿವರ್ ಡಾಕ್ಟರ್ ಇಬ್ಬರೂ ನನ್ನ ಎದುರೇ ಫೋನಿನಲ್ಲಿ ಮಾತಾಡಿಕೊಂಡರಲ್ಲ, ಆಗ ಅರ್ಧ ಭಯ ಇಳಿಯಿತು. ಲೂಪಸ್ ಇರುವ ಗೆಳತಿಯರೇ, ಸ್ಟಿರಾಯ್ಡ್ ಶುರುವಾಗುವ ಮುಂಚೆ ಹೆಪಟೈಟಿಸ್ ಪರೀಕ್ಷೆ ಆಗಿದೆಯಾ ಅಂತ ದಯವಿಟ್ಟು ಕೇಳಿ. ಸಂಕೋಚ ಬೇಡ.

ಲ್ಯಾಬಿನ ತಂಗಿ, ಕ್ಯಾನು ಕೈಗಿತ್ತು "ಬೆಳಗಿನ ಮೊದಲನೇದು ಚೆಲ್ಲಿ, ಅಲ್ಲಿಂದ ಮಾರನೇ ದಿನದ ಮೊದಲನೇದೂ ಸೇರಿಸಿ ಹಿಡೀರಿ" ಎಂದು ನನಗೆ ಒಂದಿಷ್ಟೂ ಮುಜುಗರವಾಗದಂತೆ ಹೇಳಿಕೊಟ್ಟೆ. ಮರೆತಿಲ್ಲ. ಸುದ್ದಿ ತಿಳಿದ ದಿನವೇ ಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ಎಂದಾಗ ಲಸಿಕೆ ಹಾಕಿಸಿಕೊಂಡು, ನನ್ನನ್ನು ಎಂದಿನಂತೆ ಅಪ್ಪಿಕೊಂಡ ಗಂಡನಿಗೆ ಏನು ಹೇಳಲಿ.

ಎಂಟೆಕಾವಿರ್ ಖಾಲಿ ಹೊಟ್ಟೆಗೆ ತಗೋಬೇಕು. ಎರಡು ವರ್ಷದಿಂದ ಬೆಳಗ್ಗೆ ಐದಕ್ಕೆ ಅಕ್ಕನ ಫೋನು: "ನುಂಗಿದೆಯಾ?" ಪ್ರೋಟೀನ್ ಇಳಿದರೂ ಆ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಇವತ್ತೂ ಮಾಡಿದ್ದಳು. ನುಂಗಿದೆ, ಅಕ್ಕಾ.