ಮುಚ್ಚದ ಹಾಲಿನ ಪಾತ್ರೆ

ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಾತ್ರಿ ಹನ್ನೊಂದಾದರೂ ಈ ಪುಟ ಖಾಲಿಯಿದ್ದಾಗ, ಮೇಜಿನ ಮೇಲಿದ್ದ ಪುಸ್ತಕವನ್ನು ನೋಡಿ ಮಗಳು ಕೇಳಿದಳು: "ಅಮ್ಮಾ, ನಮ್ಮ ಕಡೆ ಹೆಂಗಸರು ಪತ್ತೇದಾರಿ ಮಾಡ್ತಿರಲಿಲ್ವಾ?"

ಆ ಪುಸ್ತಕ ಮೇರಿ ಬೆನೆಡಿಕ್ಟ್ ಅವರ 2025ರ ಕಾದಂಬರಿ 'ದಿ ಕ್ವೀನ್ಸ್ ಆಫ್ ಕ್ರೈಮ್'. ಡೊರೊತಿ ಸೇಯರ್ಸ್, ಅಗಾಥಾ ಕ್ರಿಸ್ಟಿ ಸೇರಿದಂತೆ ಐವರು ಪತ್ತೇದಾರಿ ಲೇಖಕಿಯರು, 1930ರಲ್ಲಿ ಹುಟ್ಟಿದ ಪತ್ತೇದಾರಿ ಬರಹಗಾರರ ಸಂಘವಾದ ಡಿಟೆಕ್ಷನ್ ಕ್ಲಬ್ಬಿನ ಗಂಡಸರು ತಮ್ಮನ್ನು ಸರಿಸಮಾನರಾಗಿ ಕಾಣುತ್ತಿಲ್ಲವೆಂದು ನೊಂದು, ಒಂದು ಕೊಲೆಯ ಜಾಡು ಹಿಡಿದು ಹೊರಡುತ್ತಾರೆ. ಇದಕ್ಕೆ ಆಧಾರವಾದದ್ದು ನಿಜವಾದ ಪ್ರಕರಣ: 1926ರಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣಕ್ಕೆ ಹೋಗಿದ್ದ ಇಂಗ್ಲಿಷ್ ನರ್ಸ್ ಒಬ್ಬಳು ಕಾಣೆಯಾಗಿ, ಮರುವರ್ಷ ಶವವಾಗಿ ಸಿಕ್ಕಳು. ಕಾದಂಬರಿಯಲ್ಲಿ ಲೋಕವೆಲ್ಲ ಸತ್ತವಳ ನಡತೆಯನ್ನೇ ಶಂಕಿಸುವಾಗ, ಈ ಐವರು ಮಾತ್ರ ಅವಳು ಬದುಕಿದ್ದಾಗ ಹೇಗಿದ್ದಳೆಂದು ವಿಚಾರಿಸುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು ಆ ವಿಚಾರಣೆಯೇ.

ಮಗಳಿಗೆ ನಾನು ನಮ್ಮ ಸೋದರತ್ತೆಯ ಕಥೆ ಹೇಳಿದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಓದುತ್ತಿದ್ದವರು ಅವರು. ಒಂದು ಬೇಸಿಗೆಯಲ್ಲಿ ರಟ್ಟೂ ಇಲ್ಲದ, ಕೊನೆಯ ಹಾಳೆಗಳೂ ಹರಿದುಹೋದ ಯಾರದೋ ಪುಸ್ತಕವೊಂದು ಕೈಗೆ ಬಂತು. ತಾರಸಿಯಲ್ಲಿ ಹಪ್ಪಳ ಒಣಹಾಕುತ್ತ ಕೇರಿಯ ನಾಲ್ವರು ಹೆಂಗಸರು ಕೊಲೆಗಾರ ಯಾರೆಂದು ವಾದಕ್ಕಿಳಿದರು. ಕೆಲಸದವಳೇ ಇರಬೇಕೆಂದು ಮೂವರು ಒಪ್ಪಿದಾಗ ಅತ್ತೆ, ಕೈಗಂಟಿದ ಉದ್ದಿನ ಹಿಟ್ಟನ್ನು ಉಜ್ಜಿಕೊಳ್ಳುತ್ತ, "ದಿನಾ ಹಾಲು ಕಾಯಿಸೋಳು ಪಾತ್ರೆ ಮುಚ್ಚದೆ ಹೋಗ್ತಾಳೇನ್ರೇ? ಅಡುಗೆಮನೆ ಗೊತ್ತಿಲ್ಲದ ಗಂಡಸು ಯಾರೋ ಒಳಗೆ ಬಂದಿದ್ದಾನೆ," ಎಂದರು. ಆ ಪಾತ್ರೆಯ ಪ್ರಸ್ತಾಪ ಕಾದಂಬರಿಯಲ್ಲಿ ಬಂದದ್ದು ಒಂದೇ ಸಾಲಿನಲ್ಲಿ. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ.

'ದಿ ಕ್ವೀನ್ಸ್ ಆಫ್ ಕ್ರೈಮ್' ಕಾದಂಬರಿಯ ಚರ್ಚೆ ರಾಜ್ಯೋತ್ಸವದ ಮರುದಿನ ಮಧ್ಯಾಹ್ನ ಮೂರಕ್ಕೆ, ರಾಜ್ಯೋತ್ಸವ ನಡೆಯುವ ಸಭಾಂಗಣದಲ್ಲೇ. ಪುಸ್ತಕ ಓದಿರದಿದ್ದರೂ ಬನ್ನಿ. ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಪತ್ತೇದಾರಿ ಕಥೆ ಕಟ್ಟುವ ಆಟವಿದೆ. ಉಪ್ಪಿಟ್ಟಿನ ಹೊಣೆಗೆ ಇಬ್ಬರು ಬೇಕು. ಮುಂದಿನ ಸಂಚಿಕೆಯ ಕರಡು ತಿದ್ದಲು ಒಬ್ಬರಾದರೂ ಜೊತೆಯಾಗಿ. ಮೂರು ಸಂಚಿಕೆಗಳಿಂದ ಒಬ್ಬಳೇ ತಿದ್ದುತ್ತಿದ್ದೇನೆ.

ಇನ್ನೊಂದು ಕೋರಿಕೆಯೂ ಇದೆ. ಮುಚ್ಚದ ಹಾಲಿನ ಪಾತ್ರೆ ಬರುವ ಆ ಹಳೆಯ ಕಾದಂಬರಿ ಯಾರ ಮನೆಯಲ್ಲಾದರೂ ಕೊನೆಯ ಪುಟಗಳ ಸಮೇತ ಉಳಿದಿದ್ದರೆ ದಯವಿಟ್ಟು ತಿಳಿಸಿ. ಅತ್ತೆಗೀಗ ಎಂಬತ್ತೆರಡು ವರ್ಷ. ಫೋನಿನಲ್ಲಿ ನಾನೇ ಓದಿ ಹೇಳುತ್ತೇನೆ.