ಪುಟ್ಟಿಗೆ, ಪೆರನ್ ಹಬ್ಬಕ್ಕೆ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ನಿನ್ನೆ ಬಂತು. "ಮಾರ್ಚ್ 5ರ ಪೆರನ್ ಹಬ್ಬಕ್ಕೆ ಎಲ್ಲರ ಮುಂದೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಹಳೆಯ ಭಾಷೆ ಕಾರ್ನಿಷ್‌ನಲ್ಲಿ ನಾಲ್ಕು ಸಾಲು ಹೇಳಬೇಕು ದೊಡ್ಡಮ್ಮ, ತಪ್ಪಾದರೆ ನಗುತ್ತಾರೆ, ಇವಳಿಗೇಕೆ ನಮ್ಮ ಭಾಷೆ ಅನ್ನುತ್ತಾರೆ" ಅಂತ ಬರೆದಿದ್ದೀಯಲ್ಲ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಈ ಭಯ ನನಗೆ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ಹಬ್ಬಕ್ಕೆ ಕಾರ್ನ್‌ವಾಲಿನ ಪೆರನ್‌ಪೋರ್ತ್ ಮರಳುದಿಬ್ಬದ ಮೆರವಣಿಗೆಗೆ ಹೋಗಿದ್ದೆ. ಸುತ್ತ ಕಪ್ಪು ಬಟ್ಟೆಯ ಮೇಲೆ ಬಿಳಿ ಶಿಲುಬೆಯ ಬಾವುಟಗಳು. ಇಲ್ಲಿಯ ಸಂತ ಪೆರನ್ ಒಲೆಗೆ ಇಟ್ಟ ಕಪ್ಪು ಕಲ್ಲಿನಿಂದ ಬಿಳಿ ತವರ ಕರಗಿ ಹರಿಯಿತಂತೆ, ಬಾವುಟದ ಬಣ್ಣಕ್ಕೆ ಅದೇ ಕಥೆ. ಗಣಿಯವರಿಗೆ ಅವರೇ ದೇವರ ಹಾಗೆ. ಒಬ್ಬ ಅಜ್ಜಿ ನನ್ನ ಕೈಗೆ ಹಳದಿ ಡ್ಯಾಫೊಡಿಲ್ ಹೂ ಕೊಟ್ಟು "ಗೋಲ್ ಪೆರನ್ ಲೋವೆನ್" ಅಂದರು. ಪೆರನ್ ಹಬ್ಬದ ಶುಭಾಶಯ. ತಿರುಗಿ ಹೇಳಬೇಕಾದದ್ದು ಅದೇ ಮೂರು ಮಾತು. ಬಾಯಿವರೆಗೂ ಬಂತು ಪುಟ್ಟಿ, ನಾಲಿಗೆ ಏಳಲಿಲ್ಲ. ಸುಮ್ನೆ ತಲೆಯಾಡಿಸಿದೆ. ಅವರು ಮುಂದೆ ಹೋದರು. ಆ ಅಜ್ಜಿಯನ್ನು ಮತ್ತೆ ನೋಡಲೇ ಇಲ್ಲ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆ. ಮನೆಯಲ್ಲೂ ಇದೇ ತಪ್ಪು ಮಾಡಿದೆ. ಮಕ್ಕಳ ಇಂಗ್ಲಿಷ್ ಕೆಟ್ಟರೆ ಶಾಲೆಯಲ್ಲಿ ನಗುತ್ತಾರೆ ಅಂತ ಕನ್ನಡ ನಿಲ್ಲಿಸಿಬಿಟ್ಟೆ. ಅಮ್ಮ ಕೊನೆಗಾಲದಲ್ಲಿ ಫೋನಿನಲ್ಲಿ ಮೊಮ್ಮಗನನ್ನು "ಊಟ ಆಯ್ತಾ ಕಂದ" ಅಂತ ಕೇಳಿದರೆ ಅವನು ನನ್ನ ಮುಖ ನೋಡುತ್ತಿದ್ದ. ಆ ಮುಖ ಇನ್ನೂ ಕಣ್ಣಮುಂದಿದೆ.

ನಗುವವರು ಯಾರು ಹೇಳು? ಮೌಜಲ್ ಊರಿನ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಳು. ಹುಟ್ಟಿನಿಂದ ಈ ಭಾಷೆ ಆಡಿದ ಕೊನೆಯವಳು ಅವಳೇ ಅಂತ ಜನ ಹೇಳುತ್ತಾರೆ. ಹೆನ್ರಿ ಜೆನ್ನರ್ 1904ರಲ್ಲಿ ಕಲಿಯುವವರಿಗೆ ಪುಸ್ತಕ ಬರೆದ ಮೇಲೆ ಭಾಷೆ ಮತ್ತೆ ಚಿಗುರಿತು. ಅಂದರೆ ಈಗ ಮಾತಾಡುವವರೆಲ್ಲ ಕಲಿತವರು, ಇಲ್ಲವೇ ಕಲಿತವರ ಮಕ್ಕಳು. 2011ರ ಜನಗಣತಿಯಲ್ಲಿ ಇದೇ ನನ್ನ ಮುಖ್ಯ ಭಾಷೆ ಅಂದವರು 557 ಜನ. ಅಷ್ಟು ಜನರ ನಡುವೆ ಇನ್ನೊಂದು ದನಿ ಕೇಳಿದರೆ ನಗುತ್ತಾರಾ? "ಇವಳಿಗೇಕೆ" ಅನ್ನುವುದಾದರೆ ಪೆರನ್‌ಗೂ ಅನ್ನಬೇಕು. ಅವರೂ ಇಲ್ಲಿಯವರಲ್ಲ. ಐರ್ಲೆಂಡಿನಲ್ಲಿ ಬೀಸುವ ಕಲ್ಲಿಗೆ ಕಟ್ಟಿ ಸಮುದ್ರಕ್ಕೆ ತಳ್ಳಿದರಂತೆ, ಆ ಕಲ್ಲೇ ತೇಲಿ ಈ ದಡ ಸೇರಿಸಿತಂತೆ.

ಬುದ್ಧಿ ಹೇಳುವಷ್ಟು ನನಗೇನೂ ತಿಳಿಯದು. ಪದದ ಮೊದಲ ಅಕ್ಷರ ಬದಲಾಗುವುದೇ ಕಷ್ಟ ಅಂದಿದ್ದೆಯಲ್ಲ, ಅದೊಂದು ಹೇಳಲಾ? ಬೆಕ್ಕು 'ಕಾಥ್', ಇಂಗ್ಲಿಷಿನ 'the' ಹಾಗಿನ 'ಆನ್' ಸೇರಿದರೆ 'ಆನ್ ಗಾಥ್'. ಮಳೆ, ಕಾಲ ಸೇರಿ ಮಳೆಗಾಲ ಆಗುವುದಿಲ್ಲವೇ? ಕ-ತ-ಪ ಹೋಗಿ ಗ-ದ-ಬ ಬರುವ ನಮ್ಮ ಆದೇಶ ಸಂಧಿ. ಬೆಟ್ಟದಾವರೆ, ಕಂಬನಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀಯ. ನಿನ್ನ ಕಿವಿಗೆ ಇದು ಹೊಸದಲ್ಲ.

ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೋ. ನಿನ್ನ ಟೀಚರ್ ಬೇಡ ಅಂದರೆ ಬಿಡು. ದಪ್ಪ ಕೋಟು ಹಾಕಿಕೋ, ಮಾರ್ಚಿನಲ್ಲಿ ಅಲ್ಲಿ ಗಾಳಿ ಜಾಸ್ತಿ.

ಮತ್ತೆ ಅದೇ ಮಾತು ಬರೆಯುತ್ತಿದ್ದೇನೆ, ಬೇಜಾರಾಗಬೇಡ. ನಕ್ಕರೆ ಅನ್ನುವ ಭಯಕ್ಕೆ ಸುಮ್ಮನಾಗಬೇಡ ಕಂದ. ಆ ದಿನ ನಾನೂ ಬರುತ್ತೇನೆ, ಮುಂದಿನ ಸಾಲಿನಲ್ಲಿ ನಿಂತಿರುತ್ತೇನೆ. ನೀನು "ಗೋಲ್ ಪೆರನ್ ಲೋವೆನ್" ಅಂದ ತಕ್ಷಣ ಈ ಸಲ ನಾನೂ ತಿರುಗಿ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ